ಹೂಂ ಅಂದದ್ದೆಲ್ಲ ಒಪ್ಪಿಗೆಯೇ?

ಫೆಬ್ರವರಿ ೩೦, ೨೨೧೪

ಹರಪನಹಳ್ಳಿಯ ಪತ್ರ ಬರಹಗಾರರಾದ ಕೊಟ್ರಮ್ಮನವರಿಗೆ ಇರಾವತಿ ಬಣಕಾರ ಮಾಡುವ ನಮಸ್ಕಾರಗಳು.

ಗುರುತು ಪರಿಚಯವಿಲ್ಲದೆ ಬರೆಯುತ್ತಿದ್ದೇನೆ, ಕ್ಷಮಿಸಬೇಕು ಅಮ್ಮ. ತಾರೀಖು ತಪ್ಪಲ್ಲ. ತಿಂಗಳುಗಳನ್ನು ಸಮ ಮಾಡಿದ ಮೇಲೆ ನಮ್ಮ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ನಿಮಗೆ ವಿಚಿತ್ರ ಅನಿಸಬಹುದು. ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು, ಅರ್ಧ ಇಂಗ್ಲಿಷು, ಈಗ ಲಾ ಕಾಲೇಜಿನ ಫಸ್ಟ್ ಇಯರ್. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ವಿದ್ಯಾರ್ಥಿಗೆ ವರ್ಷಕ್ಕೆ ಒಂದೇ ಕಾಗದ, ಅದೂ ಕೈಬರಹ ಉಳಿದಿರುವವರಿಗೆ ಮಾತ್ರ. ಕ್ಲಾಸಿನವರೆಲ್ಲ ದೊಡ್ಡ ದೊಡ್ಡ ಜಡ್ಜುಗಳಿಗೆ ಬರೆದರು. ನಾನು ನಿಮ್ಮನ್ನು ಆರಿಸಿಕೊಂಡೆ.

ನಮ್ಮಲ್ಲಿ ಸಹಿ, ಹೆಬ್ಬೆಟ್ಟು ಯಾವುದೂ ಇಲ್ಲ, ಎಲ್ಲವೂ ಹೂಂಕರಾರು. ಮಾತಾಡುವ ಗೋಡೆ ಷರತ್ತುಗಳನ್ನು ಓದುತ್ತದೆ, ನಾವು ಹೂಂ ಅನ್ನುತ್ತೇವೆ, ಆ ದನಿಯನ್ನು ಗೋಡೆ ಇಟ್ಟುಕೊಳ್ಳುತ್ತದೆ. ಮನೆ ಹಿಡಿಯುವುದು, ಮದುವೆ, ನೀರಿನ ಪಾಳಿ, ಬೆಳಗಿನ ಉಪ್ಪಿಟ್ಟಿಗೆ ಹೆಸರು ಕೊಡುವುದು ಕೂಡ ಹೀಗೆಯೇ. ಬೇಡವಾದರೆ ಹೇಳಲು ನಮಗೆ ಉಳಿದಿರುವುದು ಒಂದೇ ಪದ: ರದ್ದು.

ನನ್ನ ತಂಗಿ ಸೋನೆಗೆ ಏಳು ವರ್ಷ. ಹೋದ ವರ್ಷ ನಮ್ಮಮ್ಮ ಕೆಲಸದ ಪಾಳಿಗೆ ಹೋಗಿದ್ದಾಗ ಕಡಲಶಾಲೆಯವರು ಬಂದರು. ಅದು ಸಮುದ್ರದ ಮೇಲೆ ತೇಲುವ ಹಾಸ್ಟೆಲು. ಗೋಡೆ ಓದತೊಡಗಿತು. ಅಜ್ಜಿಯ ಕತೆಗೆ ಹೂಂಗುಟ್ಟಿ ರೂಢಿಯಾದ ಹುಡುಗಿ, ಗೋಡೆಯೂ ಕತೆ ಹೇಳುತ್ತಿದೆ ಎಂದುಕೊಂಡು ಸಾಲುಸಾಲಿಗೂ ಹೂಂ ಅಂದಳು. ಹದಿನೆಂಟು ತುಂಬುವ ತನಕ ಮನೆಗೆ ಬರುವಂತಿಲ್ಲ ಎಂಬ ಸಾಲಿಗೂ ಹೂಂ. ಓದಿ ಮುಗಿದ ಮೇಲೆ "ಆಮೇಲೆ?" ಅಂತ ಕೇಳಿದಳಂತೆ. ಅದನ್ನು ಮಾತ್ರ ಗೋಡೆ ಇಟ್ಟುಕೊಂಡಿಲ್ಲ.

ಅವತ್ತೇ ಅವಳನ್ನು ಕರೆದೊಯ್ದರು. ರದ್ದು ಕೇಳಿದರೆ ಕೊಡುತ್ತಾರೆ. ಆದರೆ ಕರಾರು ಇತ್ತು ಎಂದು ನಾವು ಒಪ್ಪಿದಂತಾಗಿ, ಬಿಡುಗಡೆಗೆ ಮೊದಲು ಇನ್ನೂ ಮೂರು ವರ್ಷ ಅವಳು ಅಲ್ಲೇ ಇರಬೇಕು. ಅಷ್ಟರಲ್ಲಿ ಅವಳಿಗೆ ಅಮ್ಮನ ಮುಖ ಮರೆತಿರುತ್ತದೆ. ನನಗೆ ಮರೆತಿತ್ತು.

ಆಗ ಹಳೆಯ ದಾಖಲೆಗಳಲ್ಲಿ ೨೦೨೬ರಲ್ಲಿ ನೀವು ಬರೆದುಕೊಟ್ಟ ಒಂದು ಆಸ್ತಿ ಪತ್ರ ಸಿಕ್ಕಿತು. ಕೊನೆಯಲ್ಲಿ 'ಬಿಕ್ಕಲಂ ಕೊಟ್ರಮ್ಮ' ಎಂದಿತ್ತು. ಬಿಕ್ಕಲಂ ಅಂದರೆ ಬರೆದವರು ಎಂದು ಗೊತ್ತಾಗುವ ತನಕ ಅದು ನಿಮ್ಮ ಮನೆತನದ ಹೆಸರು ಎಂದೇ ತಿಳಿದಿದ್ದೆ. ಇನ್ನೊಂದು ಪದ, 'ಅಸಿಂಧು'. ಸಿಂಧೂ ನದಿಯ ಆಚೆಯವರು ಅಂತ ಕ್ಲಾಸಿನಲ್ಲಿ ಅರ್ಥ ಹೇಳಿ ನಗೆಪಾಟಲಾದೆ. ಲೆಕ್ಚರರ್ ನಗಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತೆ.

ಹದಿಮೂರು ವರ್ಷದ ಹುಡುಗಿಯ ಹೆಬ್ಬೆಟ್ಟು ಒತ್ತಿಸಿ ಅವಳ ಮನೆಪಾಲು ಬಿಡಿಸಿಕೊಂಡಿದ್ದ ಚಿಕ್ಕಪ್ಪ, ಊರವರು ಬೈದ ಮೇಲೆ ರದ್ದು ಪತ್ರ ಬರೆಸಲು ನಿಮ್ಮಲ್ಲಿಗೆ ಬಂದಿದ್ದ. ನೀವು ಅಸಿಂಧು ಎಂದು ಬರೆಯಹೊರಟಾಗ, ಎರಡೂ ಒಂದೇ ಅಲ್ಲವೇ ಎಂದು ತಗಾದೆ ತೆಗೆದ. ನಿಮ್ಮ ಉತ್ತರವನ್ನು ಯಾರೋ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ:

"ಒಂದ್ ಹೆಂಗಾಕ್ಕಾವ ಯಜಮಾನ? ರದ್ದು ಅಂದ್ರ ಇತ್ತು, ಈಗಿಲ್ಲ. ಅಸಿಂಧು ಅಂದ್ರ ಹುಟ್ಟೇ ಇಲ್ಲ. ಈ ಕೂಸು ನಿನಗ ಏನೂ ಕೊಟ್ಟೇ ಇಲ್ಲ, ನೀನೇನು ವಾಪಸ್ ಕೊಡ್ತೀ?"

ಅಮ್ಮ, ಇದನ್ನು ಎಷ್ಟು ಸಲ ಓದಿದೆನೋ. ನಮ್ಮ ಗೋಡೆಗಳಿಗೆ ಸಾವಿರಾರು ಕಾಯಿದೆ ಬಾಯಿಪಾಠ, ಈ ವ್ಯತ್ಯಾಸ ಗೊತ್ತಿಲ್ಲ. ತಾಲ್ಲೂಕು ಕಚೇರಿಯ ಎದುರು ಒಂದು ಮೇಜು, ಒಂದು ಕೊಡೆ ಇಟ್ಟುಕೊಂಡು ಕೂತ ನೀವು, ಆ ಹುಡುಗಿ ಏನನ್ನೂ ಕಳೆದುಕೊಂಡೇ ಇರಲಿಲ್ಲ ಎನ್ನುವುದನ್ನು ಒಂದು ಪದದಲ್ಲಿ ಉಳಿಸಿದಿರಿ. ನಾನು ಮುಂದೆ ಏನಾದರೂ ಆದರೆ ನಿಮ್ಮ ಹಾಗೆ ಬಿಕ್ಕಲಂ ಹಾಕುವವಳಾಗಬೇಕು.

ಶುಕ್ರವಾರ ವಿಚಾರಣೆ. ವಕೀಲರು ಸಿಗಲಿಲ್ಲ, ನಾನೇ ಮಾತಾಡಬೇಕು. ಒಂದು ಡೌಟು ಉಳಿದಿದೆ. ಸೋನೆಯ ಹೂಂ ಅನ್ನು ನ್ಯಾಯಪೀಠ ಅಸಿಂಧು ಮಾಡಬೇಕೋ, ಅಥವಾ ಅದು ಮೊದಲಿನಿಂದಲೂ ಅಸಿಂಧುವೇ ಆಗಿತ್ತು ಎಂದು ನಾನು ತೋರಿಸಿಕೊಟ್ಟರೆ ಸಾಕೋ? ಮಾಡಬೇಕು ಅಂದರೆ ಕಡಲಶಾಲೆಯವರು ಕಾಲಾವಕಾಶ ಕೇಳುತ್ತಾರೆ. ತೋರಿಸಿದರೆ ಸಾಕು ಅಂದರೆ ಅವಳನ್ನು ಅವತ್ತೇ ಕರೆದುಕೊಂಡು ಬರುತ್ತೇನೆ.

ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ನಿಮ್ಮ ಪತ್ರಗಳ ಕಟ್ಟಿನೊಳಗೆ ಇಡಿ, ಇಲ್ಲಿ ನಮಗೆ ಹಳೆಯ ಕಾಗದವಾಗಿ ಸಿಗುತ್ತದೆ. ಆ ಕಟ್ಟನ್ನು ದಿನಾ ಬಿಚ್ಚಿ ನೋಡುತ್ತಿರುತ್ತೇನೆ. ದಯವಿಟ್ಟು ಬೇಗ ಬರೆಯಿರಿ.