ಗೊರಕೆ ತಂದುಕೊಟ್ಟ ಕಿಟಕಿ

ಅಜ್ಜಿಗೆ ನಮಸ್ಕಾರ. ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವ ಕೆಲಸಕ್ಕೆ ಸೇರಿದೆ, ಹಾಸ್ಟೆಲಿನಲ್ಲಿ ರೂಮೂ ಸಿಕ್ಕಿತು. ಇಲ್ಲಿ ರೂಮಿಗೆ ಇಬ್ಬರು, ಆದರೆ ಯಾವುದು ಯಾರಿಗೆ ಎಂದು ನಾವು ಕಿತ್ತಾಡುವಂತಿಲ್ಲ. ನಮ್ಮ ಬೇಕು ಬೇಡಗಳನ್ನು ಬರೆದುಕೊಟ್ಟರೆ, ಒಬ್ಬೊಬ್ಬರ ಪರವಾಗಿ ಒಂದೊಂದು ಕಂಪ್ಯೂಟರ್ ಪ್ರೋಗ್ರಾಂ ಚೌಕಾಸಿ ಮಾಡುತ್ತದೆ. ಅದೂ ಒಂದು ಸೌಕರ್ಯಕ್ಕೆ ಇನ್ನೊಂದನ್ನು ಗಂಟು ಹಾಕಿ. ಕಿಟಕಿ ಪಕ್ಕದ ಮಂಚ ಬೇಕೆಂದರೆ ಸ್ನಾನದ ಸರದಿ ಬಿಡಬೇಕು, ಸರದಿ ಬೇಕೆಂದರೆ ದೀಪ ಬೇಗ ಆರಿಸಬೇಕು.

ನಾನು 'ಗೊರಕೆಯಿಂದ ತೊಂದರೆಯಿಲ್ಲ' ಎಂದು ಬರೆದಿದ್ದೆ. ಹಾಗೆ ಬರೆದವಳು ಇಡೀ ಹಾಸ್ಟೆಲಿನಲ್ಲಿ ನಾನೊಬ್ಬಳೇ. ನನ್ನ ಪ್ರೋಗ್ರಾಂ ಅದೊಂದನ್ನೇ ಮುಂದಿಟ್ಟು ಕಿಟಕಿ, ಮೊದಲ ಸ್ನಾನ, ಬೀಗವಿರುವ ಬೀರು ಮೂರನ್ನೂ ಗಿಟ್ಟಿಸಿತು. ಜೊತೆಗಿರುವ ನರ್ಸಕ್ಕನ ಗೊರಕೆ ಥೇಟ್ ಹಿಟ್ಟಿನ ಗಿರಣಿ. ಬೆಳಿಗ್ಗೆ ಮುಖ ಸಣ್ಣದು ಮಾಡಿಕೊಂಡು, "ನಿದ್ದೆ ಬಂತಾ?" ಅಂದರು. "ಮನೇಲಿ ಮಲಗಿದ ಹಾಗೇ ಇತ್ತಕ್ಕ," ಅಂದೆ.

ನನ್ನ ಕೆಮ್ಮು ವಾಸಿಯಾಗಿದೆ. ಗೀರು ಬಿದ್ದ ನಿನ್ನ ಕನ್ನಡಕ ಕಳಿಸು, ಹೊಸ ಗಾಜು ಕೂರಿಸಿಕೊಡುತ್ತೇನೆ. ನೀನು ಗೊರಕೆಯೇ ಹೊಡೆಯುವುದಿಲ್ಲ ಎಂದು ಇನ್ನು ಅಮ್ಮನ ಹತ್ತಿರ ವಾದ ಮಾಡಬೇಡ. ಹದಿನೆಂಟು ವರ್ಷ ನಿನ್ನ ಪಕ್ಕ ಮಲಗಿದ್ದಕ್ಕೇ ನನಗೆ ಈ ಕಿಟಕಿ ಸಿಕ್ಕಿದ್ದು.

ಕಾಗದದಲ್ಲಿ ಜಾಗ ಮುಗಿಯಿತು,
ನಿನ್ನ ಮೊಮ್ಮಗಳು