ಎಡಗೈಯ ಮೇಲಿನ ಅಕ್ಷರ

ಆಗಸ್ಟ್ 6, 1979, ಸೋಮವಾರ. ಕಾಪು

ಒಂದನೇ ಕ್ಲಾಸು ಇವತ್ತೂ ಸಂತೆ. ಮನೆಯಲ್ಲಿ ಒಬ್ಬರದು ತುಳು, ಒಬ್ಬರದು ಬ್ಯಾರಿ, ಒಬ್ಬರದು ಕೊಂಕಣಿ. ಕನ್ನಡ ಎಂದರೆ ಶಾಲೆಯ ಗೋಡೆಯ ಮೇಲಿರುವ ಏನೋ ಒಂದು. ಮರಳಿನಲ್ಲಿ ಬರೆಸಿ ಆಯಿತು. ನೆಲದ ಮೇಲೆ ಅಕ್ಷರ ಬರೆದು ಒಂಟಿಕಾಲಲ್ಲಿ ಕುಣಿಸಿ ಆಯಿತು. ಇವತ್ತು ಹೊಸ ಆಟ — ಕಣ್ಣು ಮುಚ್ಚಿ ಕೈ ಚಾಚಬೇಕು, ತೋಳಿನ ಮೇಲೆ ನಾನು ಬೆರಳಿನಿಂದ ಬರೆದ ಅಕ್ಷರ ಯಾವುದೆಂದು ಹೇಳಬೇಕು. ಕಚಗುಳಿ, ನಗು, ಗಲಾಟೆ. ಲಿಯೋನೆಲ್‌ಗೆ ಎಲ್ಲವೂ 'ಠ'. ಐಸಮ್ಮ ಒಂದೂ ತಪ್ಪಲಿಲ್ಲ. ಬರೆದು ಮುಗಿಯುವ ಮೊದಲೇ ಹೇಳಿಬಿಡುತ್ತಾಳೆ.

ಆಗಸ್ಟ್ 9, ಗುರುವಾರ

ಇವತ್ತು ಎಡಗೈಯ ಸರದಿ. ಐಸಮ್ಮನ ಮೊಣಕೈಯ ಕೆಳಗೆ 'ಗ' ಬರೆದೆ. ಸುಮ್ಮನೆ ನಿಂತಿದ್ದಳು.

"ಹೇಳು."

"ನೀವು ಬರೆಯಿರಿ ಟೀಚರ್."

"ಬರೆದಾಯಿತಲ್ಲ!"

"ಇಲ್ಲ ಟೀಚರ್, ಬರೆಯಲೇ ಇಲ್ಲ."

ಮಕ್ಕಳೆಲ್ಲ ನಕ್ಕರು. ಒತ್ತಿ ಇನ್ನೊಮ್ಮೆ ಬರೆದೆ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕಾಯುತ್ತಲೇ ಇದ್ದಳು. ತಮಾಷೆ ಮಾಡುವ ಮುಖ ಅಲ್ಲ ಅದು.

ಆಗಸ್ಟ್ 10

ಐಸಮ್ಮನ ಎಡಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ತೋಳಿನಲ್ಲಿ ಒಂದು ಮಚ್ಚೆ, ಸುತ್ತಲಿನ ಚರ್ಮಕ್ಕಿಂತ ತಿಳಿ. ಮುರಿದ ಬೆಂಕಿಕಡ್ಡಿಯ ಚೂಪು ತುದಿಯನ್ನು ಎರಡೂ ಕೈಗೆ ತಾಗಿಸಿದೆ. ಬಲಗೈ ಚಂಗನೆ ಹಿಂದೆ ಹೋಯಿತು. ಎಡಗೈಯ ಆ ಜಾಗದಲ್ಲಿ... ಏನೂ ಇಲ್ಲ.

ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ಆರೋಗ್ಯ ಇಲಾಖೆಯವರು ಬರೆಸಿದ್ದನ್ನು ದಿನಾ ಓದುತ್ತೇನೆ. ತಿಳಿ ಬಣ್ಣದ ಮಚ್ಚೆ, ಮುಟ್ಟಿದರೆ ಗೊತ್ತಾಗದಿದ್ದರೆ... ಕೆಳಗೆ ದೊಡ್ಡದಾಗಿ ಆ ಶಬ್ದ. ಇಲ್ಲಿ ಬರೆಯಲು ಕೈ ಬರುವುದಿಲ್ಲ.

ಲೈಫ್‌ಬಾಯ್ ಹಾಕಿ ಕೈ ತೊಳೆದೆ. ಮತ್ತೆ ತೊಳೆದೆ. ಇದೇ ಕೈಯಲ್ಲಿ ಊಟ ಮಾಡಬೇಕಲ್ಲ.

ಆಗಸ್ಟ್ 13, ಸೋಮವಾರ

ನಿನ್ನೆಯಿಡೀ ಬೆರಳುಗಳನ್ನು ಚಿವುಟಿ ನೋಡಿಕೊಂಡದ್ದೇ. "ಎಂತ ಆಯಿತು ನಿನಗೆ?" — ಅಮ್ಮ. ಸೆಕೆ ಎಂದೆ. ಆಗಸ್ಟಿನಲ್ಲಿ ಸೆಕೆ!

ಆಟ ಆಡಿಸಲಿಲ್ಲ. ಸ್ಲೇಟು ತೆಗೆಯಿರಿ ಎಂದೆ. ಐಸಮ್ಮ ಕೈ ಚಾಚಿಕೊಂಡೇ ಮೇಜಿನ ಹತ್ತಿರ ಬಂದಳು. ನನಗೆ ತಿಳಿಯದೆಯೇ ಹಿಂದೆ ಸರಿದೆ. ಅವಳಿಗೆ ಗೊತ್ತಾಯಿತು. ಮೆಲ್ಲಗೆ ಕೈ ಇಳಿಸಿಕೊಂಡಳು.

ಆಗಸ್ಟ್ 14

ಹೆಡ್‌ಮಾಸ್ಟರ್ ಭೋಜ ಮಾಸ್ತರರಲ್ಲಿ ಬೇರೆ ಶಾಲೆಯ ಸಂಗತಿ ಎಂಬಂತೆ ಹೇಳಿ ನೋಡಿದೆ. ಅವರ ಮುಖ ಬಿಳಚಿಕೊಂಡಿತು.

"ಅಂಥ ಮಗು ನಮ್ಮಲ್ಲಿ ಇದ್ದರೆ ಮರುದಿನ ಶಾಲೆ ಖಾಲಿ ಮಾರಾಯ್ರೆ. ಹೆಸರು ತೆಗೆಯದೆ ಬೇರೆ ದಾರಿ ಇಲ್ಲ."

ಸದ್ಯ, ಹೆಸರು ಹೇಳಿರಲಿಲ್ಲ.

ಆಗಸ್ಟ್ 18, ಶನಿವಾರ

ಶಾಲೆ ಬಿಟ್ಟ ಮೇಲೆ ಐಸಮ್ಮನ ಮನೆಗೆ ಹೋದೆ. ಅವಳ ಅಪ್ಪ ಬಹ್ರೇನಿನಲ್ಲಿ. ತಾಯಿ ಆಸಿಯಮ್ಮ ಬೀಡಿ ಕಟ್ಟುತ್ತಿದ್ದರು. ಹೇಳಿದೆ. ಎಲೆ ಕತ್ತರಿಸುತ್ತಿದ್ದ ಕತ್ತರಿ ನಿಂತಿತು.

"ಅದು ಬಿಸಿಲಿನ ಮಚ್ಚೆ ಟೀಚರ್."

"ಅಲ್ಲ ಆಸಿಯಮ್ಮ. ಮಣಿಪಾಲದ ಆಸ್ಪತ್ರೆಯಲ್ಲಿ ತೋರಿಸುವ."

"ಅಲ್ಲೇ ಹಿಡಿದಿಟ್ಟುಕೊಳ್ತಾರೆ. ಮತ್ತೆ ಮಗುವನ್ನು ಕೊಡ್ಲಿಕ್ಕಿಲ್ಲ."

"ನನಗೂ ಹೆದರಿಕೆ ಉಂಟು. ಆದರೆ ಬೆರಳು ಮಡಚಿಕೊಂಡ ಮೇಲೆ ಹೋಗಿ ಎಂತ ಪ್ರಯೋಜನ?"

ಬೀಡಿಯ ಮೊರವನ್ನು ಬದಿಗಿಟ್ಟರು.

"ನೀವು ಜೊತೆಗೆ ಬರ್ತೀರಾ?"

ಬರುತ್ತೇನೆ ಎಂದದ್ದು ನಾನೇ. ಎಲ್ಲಿಂದ ಬಂತೋ ಧೈರ್ಯ. ಈಗ ಇಲ್ಲ.

ಆಗಸ್ಟ್ 20, ಸೋಮವಾರ

ರಜೆ ಹಾಕಿ ತಾಯಿ-ಮಗಳ ಜೊತೆ ಹೋದೆ. ಉಡುಪಿಯಲ್ಲಿ ಮಣಿಪಾಲದ ಬಸ್ಸು ಹತ್ತುವಾಗ ಎದುರಿಗೇ ಲಿಯೋನೆಲ್‌ನ ತಾಯಿ, ಮ್ಯಾಗ್ಡಲಿನ್ ಬಾಯಿ. "ಯಾರಿಗೆ ಹುಷಾರಿಲ್ಲ ಟೀಚರ್?" ನನಗೇ ಎಂದೆ. ಆಸಿಯಮ್ಮ ಮಗಳ ಕೈಯನ್ನು ಸೆರಗಿನಿಂದ ಮುಚ್ಚಿದರು. ಮುಚ್ಚಬಾರದಿತ್ತು. ಮ್ಯಾಗ್ಡಲಿನ್ ಬಾಯಿಯ ಕಣ್ಣು ಅಲ್ಲೇ ನಿಂತಿತು.

ಡಾಕ್ಟರ್ ಹತ್ತಿಯಿಂದ ಸವರಿದರು, ಬಿಸಿ ಯಾವುದು ತಣ್ಣಗೆ ಯಾವುದು ಎಂದು ಕೇಳಿದರು, ಮೊಣಕೈಯ ನರ ಒತ್ತಿ ನೋಡಿದರು.

"ಕುಷ್ಠ ಹೌದು. ಆದರೆ ಒಂದೇ ಮಚ್ಚೆ, ಹರಡುವ ಬಗೆಯದಲ್ಲ. ಬಿಡದೆ ಕೆಲವು ವರ್ಷ ಮಾತ್ರೆ ತಿಂದರೆ ಗುಣವಾಗುತ್ತದೆ. ಮನೆಯಲ್ಲೇ ಇರಲಿ, ಶಾಲೆಗೂ ಹೋಗಲಿ."

"ಮನೆಯಲ್ಲೇ?" ಆಸಿಯಮ್ಮ ಮತ್ತೆ ಮತ್ತೆ ಕೇಳಿದರು. ಆಮೇಲೆ ವರಾಂಡದಲ್ಲಿ ಕುಸಿದು ಕುಳಿತು ಅತ್ತರು.

ಉಳಿದ ಮಕ್ಕಳನ್ನೂ ಪರೀಕ್ಷಿಸಬೇಕಂತೆ. ಅಂದರೆ ಭೋಜ ಮಾಸ್ತರರಿಗೆ ಹೇಳಲೇಬೇಕು.

ಆಗಸ್ಟ್ 21

ಹೇಳಿದೆ. ಹೆಸರು ಸಹಿತ. ಬೈಯುತ್ತಾರೆ ಎಂದುಕೊಂಡಿದ್ದೆ. ಎದ್ದು ಬಾಗಿಲು ಹಾಕಿದರು. ಶರ್ಟಿನ ತೋಳು ಮೇಲೆ ಸರಿಸಿದರು. ಅಲ್ಲೊಂದು ಬಿಳಚಿದ ಮಚ್ಚೆ.

"ಎರಡು ವರ್ಷದಿಂದ ಉಂಟು. ಹೆಂಡತಿಗೂ ಹೇಳಲಿಲ್ಲ. ನಿಮ್ಮ ಆ ಆಟ... ನನಗೂ ಒಮ್ಮೆ ಮಾಡಿ ಟೀಚರ್."

ಐವತ್ತು ದಾಟಿದ ಮನುಷ್ಯ ಕಣ್ಣು ಮುಚ್ಚಿ ಕುಳಿತರು. ಮಚ್ಚೆಯ ನಡುವೆ 'ಮ' ಬರೆದೆ.

ಉತ್ತರ ಇಲ್ಲ.

"ಮ..." ಎಂದರು. "ಮ ಅಲ್ವಾ?"

"ಹೌದು ಸರ್."

ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಆಮೇಲೆ, "ಡಾಕ್ಟರಿಗೂ ತೋರಿಸುತ್ತೇನೆ. ಎಲ್ಲ ಕ್ಲಾಸಿನಲ್ಲೂ ಆ ಆಟ ಆಡಿಸುವ. ಮಗು ನಾಳೆ ಬರಲಿ."

ಆಗಸ್ಟ್ 23, ಗುರುವಾರ. ಕ್ಲಾಸಿನಲ್ಲೇ

ನಿನ್ನೆ ಅರ್ಧ ಮಕ್ಕಳಿಲ್ಲ. ಉಡುಪಿ ಬಸ್‌ಸ್ಟ್ಯಾಂಡಿನ ಸುದ್ದಿ ಊರಿಡೀ ಓಡಿದೆ. ಇವತ್ತು ಇನ್ನೂ ಕಡಿಮೆ. ಐಸಮ್ಮ ಬೆಂಚಿನಲ್ಲಿ ಒಬ್ಬಳೇ ಇದ್ದಳು. ಲಿಯೋನೆಲ್ ತಾನಾಗಿ ಹೋಗಿ ಪಕ್ಕದಲ್ಲಿ ಕುಳಿತ.

ಸ್ವಲ್ಪ ಹೊತ್ತಿಗೆ ಅವನ ತಾಯಿ ಬಾಗಿಲಲ್ಲಿ.

"ಲಿಯೋನೆಲ್, ಚೀಲ ತಕ್ಕೊ."

ಭೋಜ ಮಾಸ್ತರ್ ಓಡಿ ಬಂದರು. "ಬಾಯಿ, ಹರಡುವುದಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ."

"ಡಾಕ್ಟರ ಮಗ ಈ ಬೆಂಚಿನಲ್ಲಿ ಕೂತುಕೊಳ್ತಾನಾ?"

ನಾನು ಹೋಗಿ ಐಸಮ್ಮನ ಇನ್ನೊಂದು ಬದಿಗೆ ಕುಳಿತೆ. ಅವಳ ಎಡಗೈಯನ್ನು ನನ್ನ ಮಡಿಲಿಗೆ ತೆಗೆದುಕೊಂಡೆ. ಲಿಯೋನೆಲ್ ಚೀಲ ಹೆಗಲಿಗೆ ಹಾಕಿದ, ಆದರೆ ಏಳಲಿಲ್ಲ. ಮ್ಯಾಗ್ಡಲಿನ್ ಬಾಯಿ ನಮ್ಮನ್ನೇ ನೋಡಿದರು, ಹೊರಗೆ ಹೋದರು.

ಗೇಟು ದಾಟಿಲ್ಲ. ಅಂಗಳದಲ್ಲಿ ಛತ್ರಿ ಹಿಡಿದು ನಿಂತಿದ್ದಾರೆ. ಐಸಮ್ಮನ ಕೈ ಇನ್ನೂ ನನ್ನ ಕೈಯಲ್ಲಿದೆ, ಹಾಗಾಗಿ ಅಕ್ಷರ ಸೊಟ್ಟ. ಕೈ ತಣ್ಣಗಿದೆ — ಅವಳದೋ, ನನ್ನದೋ.

ಛತ್ರಿ ಮಡಚಿದರು. ಇತ್ತಲೇ ಬರುತ್ತಿದ್ದಾರೆ. ಎಂತ ಹೇಳಿದರೂ ಈ ಕೈ ನಾನು —