ಹಿಂದಿನ ಸೀಟಿನ ಜಾಗ

ರೀ,

ನಾನು ಡ್ಯೂಟಿಗೆ ಹೊರಟೆ. ಸಾರು ಫ್ರಿಜ್ಜಲ್ಲಿದೆ, ಅನ್ನ ಮಾತ್ರ ಇಟ್ಕೊಳ್ಳಿ.

ಇವತ್ತು ಸ್ಯಾನ್ ಹೊಸೆ ಡೀಲರ್ ಹತ್ರ ಹೋಗಿ ಮಿಡ್‌ಸೈಜು ಪಿಕಪ್ಪನ್ನೇ ಗೊತ್ತು ಮಾಡಿ ಬನ್ನಿ. ನಿಮ್ಮ ಗೊಬ್ಬರದ ಮೂಟೆಗಳಿಗೆ ಅದು ಧಾರಾಳವಾಗಿ ಸಾಕು. ನೀವು ಹಟ ಹಿಡಿದಿರೋ ಆ ದೊಡ್ಡ ಫುಲ್‌ಸೈಜು ನಮ್ಮ ಗರಾಜಿನೊಳಗೆ ಹೋಗಲ್ಲ ಅಂತ ಎಷ್ಟು ಸಲ ಬಡ್ಕೊಳ್ಳಲಿ?

ಮಿಡ್‌ಸೈಜಲ್ಲಿ ಹಿಂದೆ ಕೂತೋರಿಗೆ ಕಾಲು ಚಾಚೋಕೆ ಜಾಗ ಇಲ್ಲ ಅಂತೀರಿ. ಹಿಂದೆ ಕೂರೋರು ಇನ್ಯಾರಿದ್ದಾರೆ? ನಿನ್ನೆ ಶೋರೂಮಲ್ಲಿ ನೀವು ಹಿಂದಿನ ಸೀಟಿಗೆ ಹತ್ತಿ, ಬಲಗಾಲು ಮಡಚದೆ ನೆಟ್ಟಗೆ ಚಾಚಿ ಕೂತು ನೋಡಿದ್ದನ್ನ ನಾನು ಕಂಡೆ. ಮಾವನವರು ಕೂರ್ತಿದ್ದದ್ದೇ ಹಾಗೆ. ಅವರ ವೈಕುಂಠ ಸಮಾರಾಧನೆ ಆಗಿ ತಿಂಗಳಾಯ್ತು ಕಣ್ರೀ. ನನಗೂ ಅಭ್ಯಾಸ ಬಿಟ್ಟಿಲ್ಲ. ಇವತ್ತು ಬೆಳಿಗ್ಗೆ ಅವರ ಲೋಟಕ್ಕೂ ಕಾಫಿ ಬೆರೆಸಿಟ್ಟೆ.

ಹಳೇ ಕಾರನ್ನ ಡೀಲರಿಗೆ ಕೊಡೋ ಮುಂಚೆ, ಹಿಂದಿನ ಸೀಟಲ್ಲಿರೋ ಮಾವನವರ ಊರುಗೋಲನ್ನ ಮನೆಯೊಳಗೆ ತಂದಿಡಿ. ನಾನೇ ತರೋಣ ಅಂತ ಈಗ ಹೋಗಿದ್ದೆ. ಬಾಗಿಲು ತೆಗೆದು, ಹಾಗೇ ಮುಚ್ಚಿ ಬಂದೆ.

ಊರ್ಮಿಳಾ